ಎಕ್ಸ್‌ಎಫ್‌ಎ ಪಿಡಿಎಫ್ ನಮೂನೆಗಳನ್ನು ವೆಬ್ ನಮೂನೆಗಳಾಗಿ ಬದಲಾಯಿಸುವ ಕ್ರಮ

ಅಡೋಬಿ ಲೈವ್‌ಸೈಕಲ್ ಡಿಸೈನರ್‌ನಲ್ಲಿ ರಚಿಸಿದ ಪಿಡಿಎಫ್ ನಮೂನೆಯನ್ನು ಮೊಬೈಲ್‌ನಲ್ಲಿ ತೆರೆದರೆ ಬಹಳಷ್ಟು ಸಲ ‘ದಯವಿಟ್ಟು ಕಾಯಿರಿ’ ಎಂಬರ್ಥದ ಇಂಗ್ಲಿಷ್ ಪುಟವಷ್ಟೇ ಕಾಣಿಸುತ್ತದೆ. ನಮೂನೆ ಕೆಟ್ಟಿರುವುದಿಲ್ಲ, ಅದರೊಳಗಿನ ಎಕ್ಸ್‌ಎಫ್‌ಎ (ನಮೂನೆಯ ವಿನ್ಯಾಸ, ದತ್ತಾಂಶ, ನಿಯಮಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದಿಡುವ) ವ್ಯವಸ್ಥೆಯನ್ನು ಓದಬಲ್ಲ ತಂತ್ರಾಂಶ ಆ ಸಾಧನದಲ್ಲಿರುವುದಿಲ್ಲ. 2003ರಲ್ಲಿ ಅಕ್ರೋಬ್ಯಾಟ್ 6ರೊಂದಿಗೆ ಪಿಡಿಎಫ್‌ಗೆ ಸೇರಿದ ಈ ವ್ಯವಸ್ಥೆಯನ್ನು, 2017ರ ಪಿಡಿಎಫ್ 2.0 ಮಾನದಂಡವು ಇನ್ನು ಬಳಸಬಾರದ ಅಂಶವೆಂದು ಗುರುತಿಸಿತು. ಇಂಥ ನಮೂನೆಗಳನ್ನು ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ಗೆ ವರ್ಗಾಯಿಸುವಾಗ ಪುಟದ ಹಳೆಯ ರೂಪವನ್ನು ನಕಲು ಮಾಡುವುದಕ್ಕಿಂತ, ಅದರಲ್ಲಿ ಅಡಗಿರುವ ನಿಯಮಗಳನ್ನು ಒಂದೂ ಬಿಡದೆ ಹೊರತೆಗೆಯುವುದು ಮುಖ್ಯ.

ಮೊದಲು ನಮೂನೆಯನ್ನು ಡಿಸೈನರ್‌ನಲ್ಲಿ ತೆರೆದು ಎಕ್ಸ್‌ಡಿಪಿ ಕಡತವಾಗಿ ಉಳಿಸಿಕೊಳ್ಳಿ. ಅದು ಎಕ್ಸ್‌ಎಂಎಲ್ (ಟ್ಯಾಗ್‌ಗಳಿರುವ ಪಠ್ಯ) ಆಗಿರುವುದರಿಂದ ಯಾವುದೇ ಪಠ್ಯ ಸಂಪಾದಕದಲ್ಲಿ ಓದಬಹುದು. ಪ್ರತಿ ಫೀಲ್ಡ್‌ನ ಹೆಸರು, ಅದು ದತ್ತಾಂಶದ ಯಾವ ಭಾಗಕ್ಕೆ ಜೋಡಣೆಯಾಗಿದೆ, ಯಾವ ಸಂದರ್ಭದಲ್ಲಿ ಯಾವ ಸ್ಕ್ರಿಪ್ಟ್ ನಡೆಯುತ್ತದೆ ಎಂಬುದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದುಕೊಳ್ಳಿ. ಕಣ್ಣಿಗೆ ಕಾಣದಂತೆ ಇಟ್ಟ ಫೀಲ್ಡ್‌ಗಳನ್ನು ಮರೆಯಬೇಡಿ, ಎಷ್ಟೋ ನಮೂನೆಗಳಲ್ಲಿ ಮುಖ್ಯ ಲೆಕ್ಕ ನಡೆಯುವುದು ಅಲ್ಲಿಯೇ. ಸರ್ವರ್ ನಿರೀಕ್ಷಿಸುವ ಹೆಸರುಗಳನ್ನು ಈ ಹಂತದಲ್ಲಿ ಬದಲಾಯಿಸಬೇಡಿ.

ನಿಜವಾದ ಶ್ರಮವಿರುವುದು ಎಕ್ಸ್‌ಎಫ್‌ಎ ನಮೂನೆಗಳ ಲೆಕ್ಕಕ್ಕೆಂದೇ ಇರುವ ಫಾರ್ಮ್‌ಕ್ಯಾಲ್ಕ್ ಭಾಷೆಯ ಸ್ಕ್ರಿಪ್ಟ್‌ಗಳಲ್ಲಿ. ಫಾರ್ಮ್‌ಕ್ಯಾಲ್ಕ್ ಅಕ್ಷರಗಳನ್ನು ಒಂದರಿಂದ ಎಣಿಸುತ್ತದೆ, ಜಾವಾಸ್ಕ್ರಿಪ್ಟ್ ಸೊನ್ನೆಯಿಂದ ಎಣಿಸುತ್ತದೆ. ಉದಾಹರಣೆಗೆ, ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ಅದನ್ನು ಹೊಂದಿರುವವರು ವ್ಯಕ್ತಿಯೋ ಕಂಪನಿಯೋ ಎಂಬುದನ್ನು ಸೂಚಿಸುತ್ತದೆ. ಹಳೆಯ ಸ್ಕ್ರಿಪ್ಟ್‌ನ 4 ಎಂಬ ಅಂಕಿಯನ್ನು ಹಾಗೆಯೇ ಉಳಿಸಿದರೆ ಹೊಸ ನಮೂನೆಯು ಐದನೆಯ ಅಕ್ಷರವನ್ನು ಓದಿ, ಯಾವ ದೋಷಸಂದೇಶವನ್ನೂ ತೋರಿಸದೆ ಅರ್ಜಿದಾರರನ್ನು ತಪ್ಪು ವರ್ಗಕ್ಕೆ ಸೇರಿಸುತ್ತದೆ. ಮೊತ್ತಗಳಲ್ಲಿಯೂ ಇದೇ ಅಪಾಯವಿದೆ. ವೆಬ್ ಫೀಲ್ಡ್‌ನ ಮೌಲ್ಯ ಪಠ್ಯವಾಗಿ ಸಿಗುವುದರಿಂದ 500 ಮತ್ತು 250 ಕೂಡಿದರೆ 500250 ಬರುತ್ತದೆ. 1,00,000 ಎಂದು ಅಲ್ಪವಿರಾಮ ಸಹಿತ ಬರೆದುದನ್ನು, ಪಠ್ಯವನ್ನು ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಉಳಿಯುವುದು ಕೇವಲ 1. ಆದ್ದರಿಂದ ಅಲ್ಪವಿರಾಮ ತೆಗೆದು, ಖಾಲಿ ಫೀಲ್ಡ್‌ಗೆ ಏನು ಮಾಡಬೇಕೆಂದು ನಿರ್ಧರಿಸಿ, ಸಂಖ್ಯೆಯಾಗಿ ಪರಿವರ್ತಿಸುವ ಒಂದೇ ಫಂಕ್ಷನ್ ಬರೆದು ಎಲ್ಲೆಡೆ ಅದನ್ನೇ ಬಳಸಿ.

ಎಕ್ಸ್‌ಎಫ್‌ಎಯ ‘ಕ್ಯಾಲ್ಕುಲೇಟ್’ ಸ್ಕ್ರಿಪ್ಟ್, ತಾನು ಅವಲಂಬಿಸಿದ ಫೀಲ್ಡ್ ಬದಲಾದಾಗ ತಾನಾಗಿಯೇ ಮತ್ತೆ ನಡೆಯುತ್ತದೆ. ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಈ ಅನುಕೂಲವಿಲ್ಲ, ಯಾವ ಫೀಲ್ಡ್ ಬದಲಾದರೆ ಯಾವ ಲೆಕ್ಕ ಮರಳಿ ನಡೆಯಬೇಕೆಂಬುದನ್ನು ನೀವೇ ಬರೆಯಬೇಕು. ಎಕ್ಸ್‌ಎಫ್‌ಎಯ ‘ಚೇಂಜ್’ ಇವೆಂಟ್ (ಸ್ಕ್ರಿಪ್ಟ್ ನಡೆಯುವ ಸಂದರ್ಭ) ಪ್ರತಿ ಕೀಲಿ ಒತ್ತಿದಾಗಲೂ ನಡೆಯುತ್ತದೆ, ಆದರೆ ವೆಬ್‌ನ ‘ಚೇಂಜ್’ ಪಠ್ಯ ಫೀಲ್ಡ್‌ಗಳಲ್ಲಿ ಬರೆದು ಮುಗಿಸಿ ಹೊರಬಂದ ಮೇಲಷ್ಟೇ ನಡೆಯುತ್ತದೆ. ಹಾಗಾಗಿ ಎಕ್ಸ್‌ಎಫ್‌ಎಯ ‘ಚೇಂಜ್’ ಇವೆಂಟಿಗೆ ವೆಬ್‌ನಲ್ಲಿ ಸರಿಸಾಟಿ ‘ಇನ್‌ಪುಟ್’.

ಕನ್ನಡದಲ್ಲಿ ಹೆಸರು ಬರೆಸುವ ನಮೂನೆಯಾದರೆ ಪರಿಶೀಲನಾ ನಿಯಮಗಳನ್ನು ಹೊಸದಾಗಿ ಬರೆಯಿರಿ. ಯೂನಿಕೋಡ್‌ನ ‘ಅಕ್ಷರ’ ವರ್ಗವನ್ನು ಮಾತ್ರ ಒಪ್ಪುವ ನಿಯಮವು ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರ ರೂಪಿಸುವ ಹಲಂತ ಚಿಹ್ನೆಯನ್ನೂ ತಿರಸ್ಕರಿಸುತ್ತದೆ, ಆದ್ದರಿಂದ ‘ಚಿಹ್ನೆ’ (ಮಾರ್ಕ್) ವರ್ಗವನ್ನೂ ಸೇರಿಸಬೇಕು. ‘ಶ್ರೀ’ ನಮಗೆ ಒಂದೇ ಅಕ್ಷರವಾದರೂ ಗಣಕದ ಎಣಿಕೆಯಲ್ಲಿ ನಾಲ್ಕು, ಅದಕ್ಕೆ ತಕ್ಕಂತೆ ಉದ್ದದ ಮಿತಿಯನ್ನು ಹೆಚ್ಚಿಸಿ. ಹೆಸರಿಗೆ ಜಾಗ ಸಾಲದೆ ಅರ್ಧಕ್ಕೆ ನಿಲ್ಲಿಸುವ ನಮೂನೆ ಅರ್ಜಿದಾರರಿಗೆ ಮಾಡುವ ಅನ್ಯಾಯ.

ಪರೀಕ್ಷೆಗೆ, ಹಳೆಯ ನಮೂನೆಯಲ್ಲಿ ತುಂಬಿದ ದತ್ತಾಂಶವನ್ನು ಎಕ್ಸ್‌ಎಂಎಲ್ ಆಗಿ ರಫ್ತು ಮಾಡಿ, ಅವೇ ಮೌಲ್ಯಗಳನ್ನು ಹೊಸದಕ್ಕೆ ಕೊಟ್ಟು, ಎರಡರ ಫಲಿತಾಂಶವನ್ನು ಸಾಲು ಸಾಲಾಗಿ ಹೋಲಿಸಿ. ಈಗಾಗಲೇ ಸಲ್ಲಿಕೆಯಾದ ಹಳೆಯ ನಮೂನೆಗಳನ್ನು ಮುಂದೆ ತೆರೆಯುವುದು ಕಷ್ಟವಾಗಬಹುದಾದ್ದರಿಂದ ಅವುಗಳ ಸ್ಥಿರ (ಎಕ್ಸ್‌ಎಫ್‌ಎ ಇಲ್ಲದ, ಬರಿಯ ಪುಟಗಳಾಗಿರುವ) ಪಿಡಿಎಫ್ ಪ್ರತಿಯನ್ನು ಈಗಲೇ ಮಾಡಿಡಿ. ಆದರೆ ಈ ಪರಿವರ್ತನೆಯಿಂದ ಡಿಜಿಟಲ್ ಸಹಿ ಸಿಂಧುವಾಗಿ ಉಳಿಯುವುದಿಲ್ಲವಾದ ಕಾರಣ ಸಹಿಯಿರುವ ಮೂಲ ಕಡತವನ್ನೂ ಅದರ ಜೊತೆಗೆ ಕಾಪಾಡಬೇಕು.