ಕಚ್ಚಿಕೊಂಡ ಟ್ರಂಪೆಟ್ ಸ್ಲೈಡನ್ನು ಬಿಡಿಸಿದ ಬಗೆ

ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ನಾನು ನುಡಿಸುವ ಬಿ-ಫ್ಲ್ಯಾಟ್ ಟ್ರಂಪೆಟ್‌ನ ಟ್ಯೂನಿಂಗ್ ಸ್ಲೈಡ್ (ಹೊರಗಿನ ಕೊಳವೆಗಳೊಳಗೆ ಜಾರುತ್ತ ಶ್ರುತಿ ಹೊಂದಿಸುವ ಬಾಗಿದ ಕೊಳವೆ), ಮಳೆಗಾಲವಿಡೀ ಪೆಟ್ಟಿಗೆಯಲ್ಲೇ ಉಳಿದು, ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಬಿಸಿಲಿಗೆ ಒಳಗಿನ ಗಾಳಿ ಕಾದಂತೆ ಶ್ರುತಿ ಏರುತ್ತದೆ. ಸ್ಲೈಡನ್ನು ಹೊರಕ್ಕೆಳೆದು, ಸುಮಾರು 1.5 ಮೀಟರ್ ಉದ್ದದ ಕೊಳವೆಯನ್ನು ಇನ್ನಷ್ಟು ಉದ್ದವಾಗಿಸದೆ ಆ ಶ್ರುತಿಯನ್ನು ಇಳಿಸಲಾಗದು.

ಇಕ್ಕಳ ಹಾಕಿದರೆ ತೆಳುವಾದ ಹಿತ್ತಾಳೆ ನೆಗ್ಗುವುದು ಖಚಿತ. ಆದ್ದರಿಂದ ಸಂದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಹೊರಗಿನ ಕೊಳವೆಗಳ ಮೇಲೆ ಮಾತ್ರ ಬಿಸಿನೀರು ಸುರಿದೆ. ಅವು ಒಳಗಿನವುಗಳಿಗಿಂತ ಮೊದಲೇ ಹಿಗ್ಗಿ, ಹಿಡಿತ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಸ್ಲೈಡಿನ ಬಾಗಿನೊಳಗೆ ಟವೆಲ್ ತೂರಿಸಿ, ಓರೆಯಾಗದಂತೆ ಕೊಳವೆಯ ನೇರಕ್ಕೆ ಜಗ್ಗಿದಾಗ ಅದು ಟಪ್ಪೆಂದು ಕಳಚಿತು. ಹಸಿರು ಕಿಲುಬನ್ನು ಸಾಬೂನು ನೀರು, ಬಟ್ಟೆಗಳಿಂದ ಉಜ್ಜಿ ತೆಗೆದು (ಉಪ್ಪುಕಾಗದ ಬೇಡವೇ ಬೇಡ, ಸಂದಿ ಸವೆದರೆ ಗಾಳಿ ಸೋರುತ್ತದೆ) ಸ್ಲೈಡ್ ಗ್ರೀಸ್ ಸವರಿದೆ. ವಾಲ್ವ್ ಎಣ್ಣೆ ತೀರ ತೆಳು, ಇಲ್ಲಿ ನಿಲ್ಲುವುದಿಲ್ಲ.