ತೋಟದ ಜಿಪ್ಸಿಗೆ ಮಡ್ ಟೈರ್: ನನ್ನ ಅನುಭವ

ನಮ್ಮ ತೋಟ ಸಕಲೇಶಪುರದ ಕಡೆ. ಟಾರ್ ರಸ್ತೆ ಬಿಟ್ಟ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಕಡಿದಾದ ಏರು, ಒಂದು ಹಳ್ಳ. ಜೂನ್ ಬಂತೆಂದರೆ ಗೊಬ್ಬರದ ಟ್ರಾಕ್ಟರ್ ಓಡಾಡಿ ಓಡಾಡಿ ಎರಡೂ ಬದಿ ಆಳವಾದ ಜಾಡು ಬೀಳುತ್ತದೆ, ನಡುವೆ ದಿಬ್ಬ ಏಳುತ್ತದೆ. ನನ್ನ ಮಾರುತಿ ಜಿಪ್ಸಿ ಜೀಪು ಪ್ರತಿ ಮಳೆಗಾಲ ಸಿಕ್ಕಿಬೀಳುತ್ತಿದ್ದುದು ಆ ದಿಬ್ಬದ ಮೇಲೆ. ಫೋರ್ ವೀಲ್ ಹಾಕಿ, ಲೋ ಗೇರ್ ಹಾಕಿ ಏನು ಮಾಡಿದರೂ ಚಕ್ರ ಸುಮ್ನೆ ತಿರುಗುತ್ತಿತ್ತು.

ಗಾಡಿ ಎತ್ತರ ಸಾಲದು ಅಂತ ಮೊದಲು ಲಿಫ್ಟ್ ಮಾಡಿಸಿದೆ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿದಿರುವ ಶ್ಯಾಕಲ್ ಉದ್ದ ಮಾಡಿದರೆ ಬಾಡಿ ಮೇಲೇಳುತ್ತದೆ, 2 ಇಂಚು ಉದ್ದದ್ದು ಹಾಕಿದರೆ ಸುಮಾರು 1 ಇಂಚು. ನೋಡಲು ಗಾಡಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಮುಂದಿನ ಶ್ಯಾಕಲ್ ಉದ್ದವಾದಾಗ ಎರಡು ಚಕ್ರ ಹಿಡಿದಿರುವ ಆಕ್ಸಲ್ ಸ್ವಲ್ಪ ತಿರುಗಿಕೊಳ್ಳುತ್ತದೆ, ಕ್ಯಾಸ್ಟರ್ (ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಅದರಿಂದ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ನಿಂತಿತು, ಹೈವೇಯಲ್ಲಿ ಗಾಡಿ ಅತ್ತ ಇತ್ತ ಎಳೆಯತೊಡಗಿತು, ಮಕ್ಕಳನ್ನು ಕೂರಿಸಿಕೊಂಡು ಹೋಗಲು ಭಯವಾಗುತ್ತಿತ್ತು. ಇಷ್ಟಾದರೂ ಅದೇ ದಿಬ್ಬದ ಮೇಲೆ ಗಾಡಿ ಮತ್ತೆ ಕೂತಿತು.

ನಮ್ಮ ಮೆಕ್ಯಾನಿಕ್ ಗಾಡಿಯ ಕೆಳಗೆ ಹೋಗಿ ನೋಡಿ ಒಂದೇ ಮಾತು ಹೇಳಿದ. "ಅಣ್ಣ, ಬಾಡಿ ಎತ್ತಿಸಿದ್ದೀರ, ಹೌಸಿಂಗ್ ಇದ್ದಲ್ಲೇ ಇದೆ ಅಲ್ವಾ?" ನಾನೂ ಬಗ್ಗಿ ನೋಡಿದೆ. ಮಣ್ಣು ಉಜ್ಜಿದ ಗುರುತೆಲ್ಲ ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ, ಅಂದರೆ ಆಕ್ಸಲ್ ನಡುವೆ ಉಬ್ಬಿರುವ ಗೇರ್ ಡಬ್ಬದ, ಹೊಟ್ಟೆಯ ಮೇಲೆ. ಲಿಫ್ಟ್ ಕಿಟ್ ಯಾವುದೇ ಇರಲಿ, ಎಷ್ಟೇ ದುಡ್ಡು ಕೊಡಿ, ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಇರುವ ಇಂಥ ಗಾಡಿಯಲ್ಲಿ ಅದು ಮೇಲೇರುವುದು ದೊಡ್ಡ ಟೈರ್ ಹಾಕಿದಾಗ ಮಾತ್ರ. ಲಿಫ್ಟ್ ಬೇಕಾಗುವುದು ಆ ಟೈರ್ ಮಡ್‌ಗಾರ್ಡಿಗೆ ತಾಗದಿರಲಿ ಅಂತ. ನಿಮ್ಮ ಗಾಡಿ ಕೂರುತ್ತಿದ್ದರೆ ಎಲ್ಲಿ ಉಜ್ಜಿದೆ ಅಂತ ಅಡಿಗೆ ಹೋಗಿ ನೋಡಿದ ಮೇಲೆಯೇ ದುಡ್ಡು ಬಿಚ್ಚಿ.

ಟೈರಿನ ಲೆಕ್ಕ ಕಾಗದದ ಮೇಲೇ ಹಾಕಿಕೊಳ್ಳಬಹುದು. ಜಿಪ್ಸಿಗೆ ಕಂಪನಿ ಕೊಡುತ್ತಿದ್ದುದು 205/70 ಆರ್15 (ಅಗಲ 205 ಮಿ.ಮೀ, ಬದಿಯ ಎತ್ತರ ಅಗಲದ ನೂರಕ್ಕೆ 70, ರಿಮ್ 15 ಇಂಚು), ಎತ್ತರ ಸುಮಾರು 668 ಮಿ.ಮೀ. ಅದೇ 215/75 ಆರ್15 ಆದರೆ 703, 235/75 ಆರ್15 ಆದರೆ 733. ಹೀಗೆ ಹೆಚ್ಚಾದ ಎತ್ತರದಲ್ಲಿ ಅರ್ಧ ಮಾತ್ರ ಆಕ್ಸಲಿಗೆ ಸಿಗುತ್ತದೆ, ಅಂದರೆ 215ರಲ್ಲಿ 18 ಮಿ.ಮೀ, 235ರಲ್ಲಿ ಹೆಚ್ಚುಕಮ್ಮಿ 33. ಎಲ್ಲರೂ 235 ಹಾಕಿಸು ಅಂದರು. ನಾನು 215 ಹಾಕಿಸಿದೆ. 1300 ಸಿಸಿ ಇಂಜಿನ್ನು, ಟೈರ್ ದೊಡ್ಡದಾದಷ್ಟೂ ಏರಿನಲ್ಲಿ ಉಸಿರು ಕಟ್ಟುತ್ತದೆ, ಕ್ಲಚ್ ಸವೆಯುತ್ತದೆ. ಸ್ಪೀಡೋಮೀಟರ್ ಕೂಡ ಕಡಿಮೆ ತೋರಿಸುತ್ತದೆ, 235ರಲ್ಲಿ ಮುಳ್ಳು 60ರಲ್ಲಿದ್ದರೆ ಗಾಡಿ ಓಡುತ್ತಿರುವುದು ಹತ್ತಿರ ಹತ್ತಿರ 66ರಲ್ಲಿ. ಇನ್ನೊಂದು ಕಾರಣ ನಮ್ಮ ಮಣ್ಣು. ಇಲ್ಲಿ ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ. ಕಿರಿದಾದ ಟೈರ್ ಕೆಸರು ಸೀಳಿಕೊಂಡು ಆ ಗಟ್ಟಿ ನೆಲಕ್ಕೆ ಕಾಲೂರುತ್ತದೆ. ತಳವೇ ಸಿಗದ ಗದ್ದೆಯಂಥ ಜಾಗವಾಗಿದ್ದರೆ ಅಗಲದ ಟೈರನ್ನೇ ನೋಡುತ್ತಿದ್ದೆ.

ಮೈಮೇಲಿನ ರಬ್ಬರ್ ಉಬ್ಬುಗಳ ನಡುವೆ ಜಾಸ್ತಿ ಅಂತರ ಇರುವ ಮಡ್ ಟೈರನ್ನೇ ತೆಗೆದುಕೊಂಡೆ. ನಮ್ಮ ಅಂಟು ಮಣ್ಣು ಆಲ್ ಟೆರೇನ್ (ಎಲ್ಲ ಬಗೆಯ ದಾರಿಗೂ ಅಂತ ಮಾಡಿದ) ಟೈರಿನ ಸಣ್ಣ ಸಂದುಗಳಲ್ಲಿ ತುಂಬಿಕೊಂಡರೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅದು ಬೋಳು ಟೈರೇ. ಮಡ್ ಟೈರ್ ತಿರುಗುತ್ತಾ ಕೆಸರನ್ನು ಎಸೆಯುತ್ತದೆ. ಆದರೆ ಒದ್ದೆ ಟಾರ್ ಮೇಲೆ ಬ್ರೇಕ್ ಹಿಡಿತ ಕಡಿಮೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಳೆ ಹೊತ್ತು ಈಗ ಮುಂದಿನ ಗಾಡಿಗೆ ಮೊದಲಿಗಿಂತ ಡಬಲ್ ಅಂತರ ಬಿಡುತ್ತೇನೆ. ಸದ್ದೂ ಇದೆ, ಅದು ಅಭ್ಯಾಸವಾಗುತ್ತದೆ.

ಶ್ಯಾಕಲ್ ಬಿಚ್ಚಿಸಿ ಹಳೇ ಅಳತೆಯದ್ದನ್ನೇ ಹಾಕಿಸಿದೆ. ಸ್ಪ್ರಿಂಗ್ ಹಳೆಯದಾಗಿ ಕುಸಿದು ಹೋಗಿತ್ತು, ಹೊಸ ಸೆಟ್ ಹಾಕಿಸಿದಾಗ ಯಾವ ಕಿಟ್ ಇಲ್ಲದೆ ಸುಮಾರು ಒಂದೂವರೆ ಇಂಚು ವಾಪಸ್ ಬಂತು, 215 ಟೈರಿಗೆ ಅಷ್ಟು ಸಾಕು. 500 ಕಿಲೋಮೀಟರ್ ಓಡಿಸಿ ಸ್ಪ್ರಿಂಗನ್ನು ಆಕ್ಸಲಿಗೆ ಹಿಡಿದಿರುವ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸಿ, ಮರೆಯಬೇಡಿ. ಆಕ್ಸಲ್ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲೆ ಕೂರಿಸಿ ನಾಲ್ಕೈದು ಇಂಚು ಎತ್ತುವವರೂ ಇದ್ದಾರೆ. ಅದರಲ್ಲಿ ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್ ಕೋನ, ಸ್ಟೀರಿಂಗ್ ಲಿಂಕ್ ಎಲ್ಲವನ್ನೂ ಸರಿ ಮಾಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ, ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೂ ಅದನ್ನೇ. ದಿನಾ ರಸ್ತೆಗೆ ಇಳಿಯುವ ಗಾಡಿಗೆ ನಾನು ಅದನ್ನು ಮಾಡಿಸುವುದಿಲ್ಲ.

ಏರು ಹತ್ತುವ ಮುಂಚೆ ಗಾಳಿ 26ರಿಂದ 16 ಪಿಎಸ್‌ಐಗೆ ಇಳಿಸುತ್ತೇನೆ. ಟೈರ್ ಹರಡಿ ನೆಲ ಹಿಡಿಯುತ್ತದೆ, ಬೇರೆ ಏನು ಮಾಡಿದ್ದಕ್ಕಿಂತ ಇದರಿಂದ ಜಾಸ್ತಿ ಉಪಯೋಗವಾಯಿತು. ಟಾರ್ ರಸ್ತೆ ಸೇರುವ ಮೊದಲು ಗಾಳಿ ತುಂಬಲೇಬೇಕು, ಅದಕ್ಕೆ ಬ್ಯಾಟರಿಗೆ ಹಾಕುವ ಸಣ್ಣ ಕಂಪ್ರೆಸರ್ ಸೀಟಿನ ಕೆಳಗಿದೆ.

ಕಳೆದ ಎರಡು ಮಳೆಗಾಲ ಆ ದಿಬ್ಬದ ಮೇಲೆ ಗಾಡಿ ಕೂತಿಲ್ಲ. ಹಳ್ಳದಲ್ಲಿ ನೀರು ಚಕ್ರದ ನಡುವಿನ ಹಬ್ ದಾಟಿದ ದಿನ ಮಾತ್ರ ದಾಟಿಸುವುದಿಲ್ಲ, ಒಂದು ಟನ್ನಿನ ಗಾಡಿಯನ್ನು ನೀರು ಸುಲಭವಾಗಿ ತಳ್ಳುತ್ತದೆ. ಆಚೆ ದಡದಲ್ಲೇ ನಿಲ್ಲಿಸಿ, ಕಾಲುಸಂಕ ದಾಟಿ ಮನೆಗೆ ನಡೆಯುತ್ತೇವೆ.