ಅರ್ಧ ಕಥೆ, ಮೂರು ನಿಮಿಷದ ಹಾಡು: ಚಿಕ್ಕಮಗಳೂರಲ್ಲಿ ಒಪೆರಾ ಕೇಳಿಸಿದ ನನ್ನ ಅನುಭವ

ಕಳೆದ ಭಾನುವಾರ ನಮ್ಮ ಗೋಡೌನಿನಲ್ಲಿ 41 ಜನ ಕೂತು ಇಟಲಿಯ ಸಂಗೀತಗಾರ ಪುಚ್ಚೀನಿಯ ಒಪೆರಾ, ಅಂದರೆ ಕಥೆಯನ್ನೇ ಹಾಡಿ ಆಡುವ ಪಾಶ್ಚಾತ್ಯ ನಾಟಕ, ಅದರ ಒಂದು ಹಾಡು ಕೇಳಿದರು. ಕುರ್ಚಿ ಸಾಲದೆ ಆರೇಳು ಜನ ಕಾಫಿ ಮೂಟೆಗಳ ಮೇಲೆ ಕೂತಿದ್ದರು. ಆರು ವರ್ಷದ ಹಿಂದೆ ಶುರು ಮಾಡಿದಾಗ "ಇಲ್ಲಿ ಯಾರು ಇದನ್ನ ಕೇಳ್ತಾರೆ ಮಾರಾಯ, ಸುಮ್ನೆ ದುಡ್ಡು ಹಾಳು" ಅಂದಿದ್ದ ಇಬ್ಬರು ಈಗ ಮೊದಲ ಸಾಲಿನಲ್ಲೇ ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಗ್ರಾಮಫೋನ್ ಪ್ಲೇಟು ಜೋಡಿಸಿಟ್ಟುಕೊಂಡು ಒಬ್ಬರೇ ಕೇಳುವವರು ಎಲ್ಲ ಊರಲ್ಲೂ ಇದ್ದೀರಿ. ಸೂಜಿ, ಆಂಪ್ಲಿಫೈಯರ್ ವಿಷಯ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಟ್ಟುಬಿಡುತ್ತೇನೆ.

ನನ್ನದು ರೇಡಿಯೋ ರಿಪೇರಿ ಕೆಲಸ. ಮೂಡಿಗೆರೆ ಕಡೆಯ ಒಂದು ಹಳೇ ದೊರೆ ಬಂಗಲೆ ಖಾಲಿ ಮಾಡುವಾಗ ಸುಮಾರು 180 ಪ್ಲೇಟುಗಳನ್ನು 6,000 ರೂಪಾಯಿಗೆ ತಂದೆ. ಅರ್ಧದಷ್ಟು ಪ್ಲಾಸ್ಟಿಕ್ಕಿನ ಎಲ್‌ಪಿ, ಉಳಿದವು ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದವು. ಎಲ್ಲದರ ಮೇಲೂ ಬೂಷ್ಟು. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್‌ಪಿಗೆ ಹಾಕುವ ಸ್ಪಿರಿಟ್ ನೀರನ್ನೇ 78ರ ಪ್ಲೇಟಿಗೂ ಹಾಕಿ ಉಜ್ಜಿದೆ. 78ರ ಪ್ಲೇಟು ಅರಗಿನಿಂದ ಮಾಡಿದ್ದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಗೊತ್ತಾಗುವಷ್ಟರಲ್ಲಿ ಏಳು ಪ್ಲೇಟು ಹೋಗಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಒಣಗಲಿ ಅಂತ ಒಂದಷ್ಟು ಎಲ್‌ಪಿಗಳನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟೆ. ಹಪ್ಪಳದ ಹಾಗೆ ಸೊಟ್ಟಗಾದವು. ಈಗ ಕಬ್ಬಿಣದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ಕೆಳಗಿನ ಖಾನೆಯಲ್ಲಿ ಸಣ್ಣ ಬಲ್ಬ್ ಇಟ್ಟು, ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆ ಉರಿಸುತ್ತೇನೆ. ಬೂಷ್ಟು ತೆಗೆಯುವ ನೀರನ್ನು ನಾನೇ ಬೆರೆಸುತ್ತೇನೆ. ಅದರ ಅಳತೆ ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಕೊಟ್ಟ ಬೆಲೆ ಜಾಸ್ತಿ.

ಮೊದಲ ಸಲ ಜನರನ್ನು ಕರೆದಾಗ ಜರ್ಮನಿಯ ಸಂಗೀತಗಾರ ಬೀಥೋವನ್‌ನ ಒಂಬತ್ತನೇ ಸಿಂಫನಿ, ದೊಡ್ಡ ವಾದ್ಯವೃಂದದ ಕೃತಿ, ಪೂರ್ತಿ ಹಾಕಿದೆ. ನನಗೆ ಪ್ರಾಣಕ್ಕಿಂತ ಹೆಚ್ಚು ಅದು. 1824ರಲ್ಲಿ ಅದರ ಮೊದಲ ಕಛೇರಿ ನಡೆದಾಗ ಆತನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬಂದವರು 11 ಜನ. ಎಪ್ಪತ್ತು ನಿಮಿಷ ಆದಮೇಲೆ ಉಳಿದವರು ನಾಲ್ಕು, ಅದರಲ್ಲಿ ಒಬ್ಬಳು ನನ್ನ ತಂಗಿ. ಜಾಗ ಸರಿಯಿಲ್ಲ ಅಂದುಕೊಂಡು ಮುಂದಿನ ಸಲ ಒಂದು ಹಾಲ್ ಬಾಡಿಗೆಗೆ ಹಿಡಿದೆ. ಬಾಡಿಗೆ, ಬ್ಯಾನರ್, ಉಪ್ಪಿಟ್ಟು, ಕಾಫಿ ಸೇರಿ 14,000 ಹತ್ತಿರ ಹೋಯಿತು. ಅಲ್ಲಿನ ಸ್ಪೀಕರ್‌ನಲ್ಲಿ ಎತ್ತರದ ಸ್ವರ ಬಂದಾಗೆಲ್ಲ ಕಂಠ ಒಡೆದು ಕೇಳಿಸಿತು. ಮೂರನೇ ಸಲ ಪ್ರೊಜೆಕ್ಟರ್ ಇಟ್ಟು ಹಾಡಿನ ಸಾಲುಗಳನ್ನು ಇಂಗ್ಲಿಷ್‌ನಲ್ಲಿ ತೋರಿಸಿದೆ. ಎಲ್ಲರೂ ಓದಿದರು, ಯಾರೂ ಕೇಳಲಿಲ್ಲ. ಅದೇ ಸಾಲುಗಳನ್ನು ಕನ್ನಡ ಮಾಡಿ ಜೆರಾಕ್ಸ್ ಹಂಚಿದೆ. ಹಾಡಿನುದ್ದಕ್ಕೂ ಕಾಗದ ಮಗುಚುವ ಸದ್ದು. ಅಲ್ಲಿಗೆ ಒಟ್ಟು ಮೂವತ್ತೈದು ಸಾವಿರದ ಮೇಲೆ ಖರ್ಚಾಗಿತ್ತು. ನಿಲ್ಲಿಸು ಅಂತ ಮನೆಯಲ್ಲಿ ಗಟ್ಟಿಯಾಗೇ ಹೇಳಿದರು.

ದಾರಿ ಸಿಕ್ಕಿದ್ದು ಕರೆಂಟ್ ಹೋದ ದಿನ. ಡಿಸೆಂಬರ್ ಸಂಜೆ, ಚಳಿ. ಒಂಬತ್ತು ಜನ ಬಂದಿದ್ದರು. ಪ್ಲೇಟು ಇಟ್ಟೆ, ಕರೆಂಟ್ ಹೋಯಿತು. ಒಂದು ಮೇಣದಬತ್ತಿ ಹಚ್ಚಿ, ಜನ ಎದ್ದು ಹೋಗದಿರಲಿ ಅಂತ ಕಥೆ ಹೇಳಲು ಕೂತೆ. ಪುಚ್ಚೀನಿಯ 'ಲಾ ಬೊಯೆಮ್', 1896ರದ್ದು. ಪ್ಯಾರಿಸ್ಸಿನ ಒಂದು ಅಟ್ಟದ ಕೋಣೆ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಸೌದೆಗೆ ದುಡ್ಡಿಲ್ಲ, ಕವಿ ರೊಡೋಲ್ಫೊ ತಾನು ಬರೆದ ನಾಟಕವನ್ನೇ ಒಲೆಗೆ ಹಾಕಿ ಚಳಿ ಕಾಯಿಸಿಕೊಂಡಿದ್ದಾನೆ. ಪಕ್ಕದ ಕೋಣೆಯ ಮಿಮಿ, ಕಸೂತಿ ಹಾಕಿ ಬದುಕುವ ಹುಡುಗಿ, ದೀಪ ಹಚ್ಚಿಕೊಳ್ಳಲು ಬರುತ್ತಾಳೆ. ಅವಳ ಬೀಗದಕೈ ಕೆಳಗೆ ಬೀಳುತ್ತದೆ. ದೀಪ ಆರುತ್ತದೆ. ಕತ್ತಲಲ್ಲಿ ಇಬ್ಬರೂ ನೆಲ ತಡಕುತ್ತಾರೆ. ಬೀಗದಕೈ ಅವನಿಗೆ ಸಿಗುತ್ತದೆ, ಸದ್ದಿಲ್ಲದೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಮತ್ತೆ ತಡಕುವಾಗ ಅವನ ಕೈಗೆ ಅವಳ ಕೈ ತಾಗುತ್ತದೆ. ತಣ್ಣಗೆ ಕೊರೆಯುವ ಕೈ.

ಅಷ್ಟು ಹೇಳುವಾಗ ಕರೆಂಟ್ ಬಂತು. ಮಾತು ಅಲ್ಲಿಗೇ ಬಿಟ್ಟು ಸೂಜಿ ಇಳಿಸಿದೆ. ಆ ತಣ್ಣನೆ ಕೈ ಹಿಡಿದುಕೊಂಡೇ ಅವನು ಹಾಡುವ ಹಾಡು ಶುರುವಾಯಿತು. ಒಂದು ಕೆಮ್ಮೂ ಕೇಳಲಿಲ್ಲ. ಮುಗಿದಮೇಲೆ ತೋಟದಲ್ಲಿ ಹಣ್ಣು ಕೊಯ್ಯುವ ಅಜ್ಜಿಯೊಬ್ಬರು ಕೇಳಿದರು: "ಬೆಳಗ್ಗೆ ಇಬ್ಬನಿಯಲ್ಲಿ ನಮ್ಮ ಕೈನೂ ಹಂಗೇ ಆಗ್ತದೆ. ಆ ಹುಡುಗಿಗೆ ಮೈ ಹುಷಾರಿಲ್ಲ ಅಲ್ವಾ ಮಗಾ?" ಮಿಮಿಗೆ ಕ್ಷಯ ಇದೆ ಅಂತ ನಾನು ಹೇಳಿರಲಿಲ್ಲ. ಅಜ್ಜಿಗೆ ಹೇಗೆ ತಿಳಿಯಿತು? "ಮುಂದಿನ ತಿಂಗಳು ಬನ್ನಿ ಅಜ್ಜಿ, ಹೇಳ್ತೇನೆ" ಅಂದೆ. ಬಂದರು, ಸೊಸೆಯನ್ನೂ ಕರೆದುಕೊಂಡು ಬಂದರು.

ಅವತ್ತಿನಿಂದ ಇದೇ ಪದ್ಧತಿ. ಹಾಡು ಎಲ್ಲಿ ಶುರುವಾಗುತ್ತದೋ ಅಲ್ಲಿವರೆಗೆ ಮಾತ್ರ ಕಥೆ. ಆಮೇಲೆ ಮೂರರಿಂದ ಐದು ನಿಮಿಷದ ಒಂದೇ ಹಾಡು, ಎರಡು ಸಲ. ಎರಡರ ನಡುವೆ ಯಾರೂ ಮಾತಾಡುವಂತಿಲ್ಲ. ಹಾಡಿನ ಅರ್ಥ ಒಂದೇ ವಾಕ್ಯದಲ್ಲಿ. ಶೃಂಗೇರಿ, ಕೊಪ್ಪದ ಕಡೆಯವರು ಬೇಗ ಹಿಡಿದುಕೊಂಡರು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು ಅವರು. ಪ್ರಸಂಗ ಅಂದರೆ ಏನು, ಒಂದು ಪದ್ಯಕ್ಕೆ ಯಾಕೆ ಕಾಯಬೇಕು ಅಂತ ಅವರಿಗೆ ಗೊತ್ತು. ನಮ್ಮಲ್ಲಿ ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ. ಒಪೆರಾದಲ್ಲಿ ವೇಷವೇ ಹಾಡಬೇಕು, ಅದೂ ಮೈಕಿಲ್ಲದೆ, ಎದುರಿಗೆ ಕೂತ ಅಷ್ಟೂ ವಾದ್ಯಗಳನ್ನು ದಾಟಿ. ಇಷ್ಟು ಹೇಳಿದರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಬೊಯೆಮ್ ಕಥೆ ನಾಲ್ಕು ತಿಂಗಳು ನಡೆಯಿತು. ಎಲ್ಲರೂ ಮಿಮಿಗಾಗಿ ಅಳುತ್ತಾರೆ ಅಂದುಕೊಂಡಿದ್ದೆ. ಆದರೆ ತೋಟದ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ಎಸ್ಟೇಟ್ ರೈಟರಿಗೆ ಕಣ್ಣೀರು ಬಂದಿದ್ದು ಕೋಟಿನ ಹಾಡಿಗೆ. ಕೊನೆಯ ಅಂಕದಲ್ಲಿ ಮಿಮಿಯ ಔಷಧಿಗೆ ದುಡ್ಡು ಬೇಕು. ಗೆಳೆಯ ಕೊಲ್ಲೀನೆ ತನ್ನ ಹಳೇ ಕೋಟನ್ನು ಅಡವಿಡಲು ಹೊರಡುತ್ತಾನೆ. ಹೊರಡುವ ಮೊದಲು ಆ ಕೋಟಿಗೇ ಹಾಡಿ ಬೀಳ್ಕೊಡುತ್ತಾನೆ. ಎರಡೇ ನಿಮಿಷದ ಹಾಡು, ದಪ್ಪ ಕಂಠ. ರೈಟರು ಮೂರನೇ ಸಲ ಹಾಕಿಸಿದರು. ನಿಯಮ ಮುರಿದು ಹಾಕಿದೆ. ಹೊಸಬರು ಬಂದ ದಿನ ಮೊದಲು ಯಾವ ಮೂರು ಹಾಡು ಹಾಕಬೇಕು ಅಂತ ನನ್ನ ಹತ್ತಿರ ಒಂದು ಪಟ್ಟಿ ಇದೆ. ಅದನ್ನೂ ಇಲ್ಲಿ ಬಿಚ್ಚುವುದಿಲ್ಲ. ಈ ಕೋಟಿನ ಹಾಡು ಅದರಲ್ಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನ್‌ನಲ್ಲಿ ಇಟಲಿಯ ಒಪೆರಾ ಗಾಯಕ ಎನ್ರಿಕೋ ಕರೂಸೋ ಹಾಡನ್ನು ಪ್ಲೇಟಿಗೆ ಹಿಡಿದರು. ಅದೇ ವರ್ಷ ಕಲ್ಕತ್ತಕ್ಕೆ ಬಂದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹಾಡನ್ನು ಹಿಡಿದರು. ಆಗಿನ ಪ್ಲೇಟಿನಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ ಅಷ್ಟೇ. ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಲ್ಲಿ, ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ. ಇಬ್ಬರ ಹಾಡನ್ನೂ ಒಂದರ ಹಿಂದೆ ಒಂದು ಹಾಕಿದೆ. ಒಬ್ಬ ಹುಡುಗ ಇಬ್ಬರೂ ಒಂದೇ ಕೋಣೆಯಲ್ಲಿ ಹಾಡಿದರಾ ಅಂತ ಕೇಳಿದ. ಇನ್ನೊಂದು ಸಲ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ಕೇಳಿಸಿದೆ. ಇಂಗ್ಲಿಷ್ ಬ್ಯಾಂಡಿನ ಧಾಟಿಗೆ ಸಂಸ್ಕೃತ ಸಾಹಿತ್ಯ, ಶಂಕರಾಭರಣದಲ್ಲಿ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಅವತ್ತಿನಿಂದಲೇ ಬರುತ್ತಿದ್ದಾರೆ. "ಇದು ನಮ್ಮದಲ್ಲ" ಅನ್ನುವವರಿಗೆ ನಾನು ಜಯಚಾಮರಾಜೇಂದ್ರ ಒಡೆಯರ ವಿಷಯ ಹೇಳುತ್ತೇನೆ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಹಾಡಿಸಿಕೊಂಡಾಗ ಖರ್ಚಿಗೆ ಜಾಮೀನು ನಿಂತವರು ನಮ್ಮ ಮಹಾರಾಜರು. ಅದಾದಮೇಲೆ ಯಾರೂ ವಾದ ಮಾಡುವುದಿಲ್ಲ.

ಈಗ ತಿಂಗಳಿಗೆ ಖರ್ಚು ಸಾವಿರದೊಳಗೆ. ಬಾಗಿಲ ಹತ್ತಿರ ಡಬ್ಬಿ ಇಟ್ಟಿದ್ದೇನೆ, ಏಳೆಂಟುನೂರು ಬೀಳುತ್ತದೆ. ಆರಿದ್ರಾ ಮಳೆ ಹಿಡಿದರೆ ಶೀಟಿನ ಸದ್ದಿಗೆ ಏನೂ ಕೇಳುವುದಿಲ್ಲ, ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್ ರಜೆ. ಕೊಯ್ಲಿನ ಕಾಲದಲ್ಲಿ ಭಾನುವಾರ ಸಂಜೆ ಆರರ ಮೇಲೆ, ಕಣದ ಕೆಲಸ ಮುಗಿದಮೇಲೆ. ಯುಪಿಎಸ್ ಇದೆ, ಆದರೂ ಕಥೆ ಹೇಳುವಾಗ ಲೈಟ್ ಆರಿಸಿ ಮೇಣದಬತ್ತಿಯನ್ನೇ ಹಚ್ಚುತ್ತೇನೆ.

ಕಳೆದ ಭಾನುವಾರದ್ದು 'ತುರಾಂದೊತ್', ಪುಚ್ಚೀನಿಯ ಇನ್ನೊಂದು ಒಪೆರಾ. ರಾಜಕುಮಾರಿ ಕೇಳುವ ಮೂರು ಒಗಟುಗಳನ್ನು ಮೊದಲು ನಮ್ಮವರಿಗೇ ಹಾಕಿದೆ. ದಿನಾ ರಾತ್ರಿ ಹುಟ್ಟಿ ಬೆಳಗಾದರೆ ಸಾಯುವುದು ಏನು? "ಕನಸು" ಅಂದರು, "ದೀಪ" ಅಂದರು. ಒಬ್ಬಳು ಶಾಲೆ ಹುಡುಗಿ "ಆಸೆ" ಅಂದಳು. ಅದೇ ಸರಿ ಉತ್ತರ, ಎಲ್ಲರೂ ಚಪ್ಪಾಳೆ ಹೊಡೆದರು. ಒಗಟು ಬಿಡಿಸಿದ ರಾಜಕುಮಾರ ತಿರುಗಿ ಸವಾಲು ಹಾಕುತ್ತಾನೆ: ಬೆಳಗಾಗುವಷ್ಟರಲ್ಲಿ ನನ್ನ ಹೆಸರು ಹೇಳಿದರೆ ನನ್ನ ತಲೆ ತೆಗೆಯಿರಿ. ಹೆಸರು ಸಿಗುವವರೆಗೆ ಊರಲ್ಲಿ ಯಾರೂ ಮಲಗಬಾರದು ಅಂತ ಅವಳ ಆಜ್ಞೆ. ಅಲ್ಲಿಗೆ ನಿಲ್ಲಿಸಿ ಸೂಜಿ ಇಳಿಸಿದೆ.

1924ರಲ್ಲಿ ಪುಚ್ಚೀನಿ ತೀರಿಕೊಂಡಾಗ ಈ ಒಪೆರಾ ಮುಗಿದಿರಲಿಲ್ಲ. 1926ರಲ್ಲಿ ಮಿಲಾನ್‌ನ ಮೊದಲ ಪ್ರದರ್ಶನದಲ್ಲಿ ವಾದ್ಯವೃಂದ ನಡೆಸುತ್ತಿದ್ದ ತೊಸ್ಕಾನೀನಿ ಅವನು ಬರೆದು ಬಿಟ್ಟ ಜಾಗದಲ್ಲೇ ಕೋಲು ಕೆಳಗಿಟ್ಟು ಆಟ ನಿಲ್ಲಿಸಿದರು. ಮುಂದಿನ ತಿಂಗಳು ನಾನೂ ಅಲ್ಲೇ ಸೂಜಿ ಎತ್ತಬೇಕು ಅಂತಿದ್ದೇನೆ. ಆದರೆ ಸೋಮವಾರ ಬೆಳಗ್ಗೆ ಆರಕ್ಕೇ ರೈಟರ ಫೋನ್ ಬಂತು. "ರಾತ್ರಿ ನಿದ್ದೆ ಬರಲಿಲ್ಲ ಮಾರಾಯ. ಹೆಸರು ಸಿಕ್ತಾ, ಇಲ್ವಾ? ಅಷ್ಟು ಹೇಳು." ನಾನು ಹೇಳಲಿಲ್ಲ.